ಕಂದಾಯಕ್ಕೆ ರಜಾ

ನಮ್ಮ ಚಿಕ್ಕವ್ವನ ಕಿವಿ ಬಹಳ ಚುರುಕು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಸಾಕು, ಒಳಮನೆಯಲ್ಲಿ ಮಲಗಿದ್ದವಳಿಗೆ ಎಚ್ಚರವಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಊರಿನಲ್ಲಿ ಯಾರನ್ನು ಕೇಳಿದರೂ ಅವಳಿಗೆ ಕಿವಿ ಕೇಳುವುದಿಲ್ಲ ಎನ್ನುತ್ತಾರೆ.

ಚಿಕ್ಕವ್ವ ಎಂದರೆ ನನ್ನ ಅವ್ವನ ತಂಗಿ. ಟಿ. ನರಸೀಪುರದಿಂದ ಮೂಗೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿ ನಮ್ಮದು. ಗಂಡ ತೀರಿಕೊಂಡ ಮೇಲೆ ಒಂದು ತುಂಡು ಗದ್ದೆ, ಒಂದು ಸೀಮೆಹಸು ಇಟ್ಟುಕೊಂಡು, ಡೈರಿಗೆ ಹಾಲು ಹಾಕಿ, ಯಾರ ಹಂಗೂ ಇಲ್ಲದೆ ಬದುಕಿದವಳು. ನಾನಿರುವುದು ನಂಜನಗೂಡಿನಲ್ಲಿ. ಅಲ್ಲಿನ ಒಬ್ಬ ಆಡಿಟರ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನು ತುಂಬುವುದು, ನೋಟಿಸುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಊರಿನವರ ಬಾಯಲ್ಲಿ ಮಾತ್ರ ನಾನೇ 'ಆಡಿಟ್ರು'. ಕೇಳಲು ಹಿತವಾಗಿತ್ತು, ತಿದ್ದಲು ಹೋಗಲಿಲ್ಲ.

ಒಮ್ಮೆ ಒಂದು ಕಂಪನಿಯವರು ಆಫೀಸಿಗೆ ಬಂದರು. ಭತ್ತದ ಹುಲ್ಲಿನಿಂದ ಎಥೆನಾಲ್ ತೆಗೆದು, ಪೆಟ್ರೋಲಿಗೆ ಬೆರೆಸಲು ಮಾರುವ ಹೊಸ ಬಗೆಯ ಕಾರ್ಖಾನೆ ಕಟ್ಟಬೇಕೆಂದಿದ್ದರು. ಅಂಥದ್ದನ್ನು ಕಟ್ಟುವವರಿಗೆ ಸರ್ಕಾರದ ರಿಯಾಯಿತಿಗಳು ಸಾಕಷ್ಟಿವೆ. ಜಮೀನು ನೋಂದಣಿಗೆ ಮುದ್ರಾಂಕ ಶುಲ್ಕ ಬೇಡ, ಕರೆಂಟಿನ ಮೇಲಿನ ತೆರಿಗೆ ಬೇಡ, ಯಂತ್ರಕ್ಕೆ ಸಬ್ಸಿಡಿ, ಕಟ್ಟಿದ ಜಿಎಸ್‌ಟಿಯಲ್ಲಿ ಒಂದು ಪಾಲು ಕೆಲವು ವರ್ಷ ವಾಪಸ್ಸು. ಇಷ್ಟೆಲ್ಲ ಕೇಳುವಾಗ ಕಾರ್ಖಾನೆಗೆ ಇನ್ನೂ ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ. ಆದರೆ ಅರ್ಜಿಯ ಜೊತೆ, ಈ ಸೀಮೆಯಲ್ಲಿ ಹುಲ್ಲು ಧಾರಾಳವಾಗಿ ಸಿಗುತ್ತದೆ, ಕೊಡಲು ರೈತರು ಒಪ್ಪಿದ್ದಾರೆ ಎಂದು ತೋರಿಸಬೇಕಿತ್ತು. ಅದಕ್ಕಾಗಿ ನಮ್ಮೂರಿನಲ್ಲಿ ಒಂದು ಸಭೆ ಇಟ್ಟರು.

"ನಿಮ್ಮೂರೇ ಅಲ್ವೇನ್ರಿ, ನೀವೇ ಮಾತಾಡಿ. ಅವ್ರಿಗೆ ಅರ್ಥ ಆಗೋ ಹಂಗೆ ಹೇಳಿ," ಎಂದರು ನಮ್ಮ ಆಡಿಟರು.

ಅರ್ಥವಾಗುವ ಹಾಗೆ ಹೇಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗೆ. ಕಂಪನಿಯವರು ಬಾಯಿ ಬಿಟ್ಟರೆ 'ಟ್ಯಾಕ್ಸ್ ಹಾಲಿಡೇ' ಎನ್ನುತ್ತಿದ್ದರು, ಕಂಪನಿಗೆ ಕೆಲವು ವರ್ಷ ತೆರಿಗೆಯಿಂದ ಬಿಡುವು ಎಂದರ್ಥ. ತೆರಿಗೆ ಎಂಬ ಮಾತು ನಮ್ಮೂರಿಗೆ ಪೇಪರಿನಲ್ಲಿ ಮಾತ್ರ ಗೊತ್ತು. ಜನರ ಬಾಯಲ್ಲಿರುವುದು ಕಂದಾಯ. ಗದ್ದೆ ಕಂದಾಯ, ಮನೆ ಕಂದಾಯ. ಹಾಗಾಗಿ ಬಸ್ಸಿನಲ್ಲಿ ಬರುವಾಗಲೇ ಮಾತು ಜೋಡಿಸಿಕೊಂಡೆ. ಸಮುದಾಯ ಭವನದಲ್ಲಿ ಮೈಕು ಹಿಡಿದು ಹೇಳಿಯೇಬಿಟ್ಟೆ:

"ನಮ್ಮೂರ್‌ಗೆ ಹುಲ್ಲಿನ ಫ್ಯಾಕ್ಟ್ರಿ ಬತ್ತದೆ. ಅದು ಬಂದ್ರೆ ಸರ್ಕಾರದೋರು ಕಂದಾಯಕ್ಕೆ ರಜಾ ಕೊಡ್ತಾರೆ. ಕೆಲವು ವರ್ಸ ಕಂದಾಯ್ವೇ ಇಲ್ಲ!"

ಯಾರ ಕಂದಾಯ? ಅದನ್ನು ಹೇಳಲಿಲ್ಲ. ಕನ್ನಡ ಧಾರಾಳದ ಭಾಷೆ. ಯಾರಿಗೆ ಎಂದು ಹೇಳದಿದ್ದರೂ ವಾಕ್ಯ ಮುಗಿದುಹೋಗುತ್ತದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಕನ್ನಡಕ್ಕೆ ತಟ್ಟುತ್ತಿದ್ದಾರೆ ಎಂದುಕೊಂಡು ನಾನು ಕೈ ಬೇರೆ ಮುಗಿದೆ.

ಮೈಕು ಗೊರಗೊರ ಎನ್ನುತ್ತಿತ್ತು. ಹಿಂದೆ ನಿಂತವರಿಗೆ ಅರ್ಧ ಕೇಳಿಸಿತ್ತು, ಅರ್ಧ ಇಲ್ಲ. ಅವರಿಗೆಲ್ಲ ಚಿಕ್ಕವ್ವ ಮನೆಮನೆಗೂ ಹೋಗಿ ಬಿಡಿಸಿ ಹೇಳಿದಳಂತೆ: ಹುಲ್ಲು ಕೊಟ್ಟವರಿಗೆ ಕಂದಾಯ ಮಾಫಿ. ಕಂಪನಿಯವರು ಕೇಳಿದ್ದು ಪರೀಕ್ಷೆಯ ನಮೂನೆಗೆಂದು ಮನೆಗೊಂದು ಹೊರೆ. ಜನ ಟ್ರ್ಯಾಕ್ಟರಿಗೆ ತುಂಬಿ ಕೊಟ್ಟರು. ಹೆಚ್ಚು ಕೊಟ್ಟಷ್ಟೂ ರಜಾ ಗಟ್ಟಿ ಎಂದು ಅವರ ಲೆಕ್ಕ. ಮಿಷನ್ನಿನಲ್ಲಿ ಕುಯ್ಲು ಮಾಡಿಸಿದವರು ಗದ್ದೆಯಲ್ಲಿ ಉಳಿದದ್ದನ್ನು ಕೊಟ್ಟರೆ, ಚಿಕ್ಕವ್ವ ಹಸುವಿಗೆಂದು ಹಿತ್ತಲಲ್ಲಿ ಒಟ್ಟಿದ್ದ ಹುಲ್ಲಿನ ಮೆದೆಯನ್ನೇ ಕೀಳಿಸಿದಳು. ಅರ್ಧ ಇಟ್ಟುಕೋ ಎಂದು ಪಕ್ಕದ ಮನೆಯವರು ಹೇಳಿದ್ದಕ್ಕೆ, "ನಮ್ ಅಕ್ಕನ್ ಮಗ್ನೇ ನಿಂತ್ಕೊಂಡು ಏಳವ್ನೆ, ನಾನೇ ಅರ್ಧ ಮಡಿಕ್ಕೊಂಡ್ರೆ ಚಂದ್ವಾ?" ಎಂದಳಂತೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅವಳೇ ಫೋನು ಮಾಡಿದಾಗ.

"ಪಂಚಾಯ್ತಿ ಬಿಲ್ ಕಲೆಕ್ಟ್ರು ಬಂದಿದ್ದ ಕಣ್ಲಾ, ಮನೆ ಕಂದಾಯ ಕೊಡಿ ಅಂತ. ಈ ವರ್ಸ ರಜಾ, ಓಗಪ್ಪ ಅಂದೆ. ನನ್ ಮೊಕ ನೋಡ್ಕೊಂಡು ನಗ್ತಾನೆ! ನಮ್ ಆಡಿಟ್ರು ಏಳವ್ನೆ, ನಿಂಗೇನ್ಲಾ ಗೊತ್ತು ಅಂತ ಸರ್ಯಾಗಿ ಉಗ್ದು ಕಳುಸ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬಾಯಿಪಾಠ ಮಾಡಿದ್ದು ಮೂರನೇ ಕ್ಲಾಸಿನಲ್ಲಿ. ಅರ್ಥವಾದದ್ದು ಆ ಫೋನು ಕಿವಿಗಿಟ್ಟುಕೊಂಡು ಕೂತಾಗ. ಕೂತಲ್ಲೇ ಹಿಡಿಯಷ್ಟಾದೆ. ಭಾನುವಾರ ಬರುತ್ತೇನೆ ಎಂದು ಫೋನು ಇಟ್ಟೆ.

ಮೊದಲು ಹೊಳೆದದ್ದು ಹುಲ್ಲನ್ನು ವಾಪಸ್ಸು ತರಿಸುವ ಯೋಚನೆ. ಅದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನ ಹಿಂದೆ ಬಿದ್ದಿತ್ತು. ನಮೂನೆಗೆ ಬೇಕಾದಷ್ಟನ್ನು ಒಳಗೆ ಒಯ್ದು ಮಿಕ್ಕಿದ್ದನ್ನು ಹಾಗೇ ಬಿಟ್ಟಿದ್ದರು. ಅಕಾಲದಲ್ಲಿ ಬಂದ ಒಂದು ಮಳೆಗೆ ನೆನೆದು, ಕಪ್ಪಾಗಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಯಾವ ಹಸುವೂ ಮೂಸಿ ನೋಡುವ ಹಾಗಿರಲಿಲ್ಲ.

ಭಾನುವಾರ ಊರಿಗೆ ಹೋದೆ. ಅಷ್ಟರಲ್ಲಿ ಪಂಚಾಯ್ತಿಯವರು ಮಾಫಿಯೂ ಇಲ್ಲ ಮಣ್ಣೂ ಇಲ್ಲ ಎಂದು ಹೇಳಿ ಹೋಗಿದ್ದರು. ನಾನು ಬಂದದ್ದು ಕಂಡು ಒಬ್ಬೊಬ್ಬರೇ ಚಿಕ್ಕವ್ವನ ಜಗಲಿಯ ಮುಂದೆ ಸೇರತೊಡಗಿದರು. ನಾನು ಅಡುಗೆಮನೆಗೆ ಹೋಗಿ ಕೂತೆ. ಅವಳು ಸೊಪ್ಪು ಸೋಸುತ್ತಿದ್ದಳು.

"ರಜಾ ನಮ್ಗಲ್ಲ ಚಿಕ್ಕವ್ವಾ. ಫ್ಯಾಕ್ಟ್ರಿಗೆ."

ಸೊಪ್ಪು ಸೋಸುವ ಕೈ ನಿಂತಿತು. "ಫ್ಯಾಕ್ಟ್ರಿ ಎಲ್ಲದೆ?"

"ಇನ್ನೂ ಕಟ್ಟಿಲ್ಲ."

"ಕಟ್ಟೇ ಇಲ್ಲ, ಒಂದಿನ್ವೂ ಗೇದಿಲ್ಲ, ಅದ್ಕೆ ಆಗ್ಲೇ ರಜ್ವಾ? ಕೂಸು ಉಟ್ಟೋಕೆ ಮುಂಚೇನೆ ಕುಲಾವಿ ಅಂದಂಗಾಯ್ತು ಬುಡು."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಆಫೀಸಿನ ಮಾತು ಒದರಿದೆ: ಯಾರೂ ಮಾಡದ ಕೆಲಸಕ್ಕೆ ಕೈ ಹಾಕುವವರಿಗೆ ಸರ್ಕಾರ ಸ್ವಲ್ಪ ಧೈರ್ಯ ತುಂಬಬೇಕಾಗುತ್ತದೆ, ಅದಕ್ಕೇ ಈ ರಿಯಾಯಿತಿ.

"ತುಂಬ್ಲಿ, ಬ್ಯಾಡ ಅಂದೋರ್‍ಯಾರು," ಎಂದಳು. "ಈಗ ನೀನು ವಸಿ ದೈರ್ಯ ತಕ್ಕೊಂಡು ಒರಿಕ್ ಓಗಿ ಆ ಜನುಕ್ಕೆ ಇದ್ನೇ ಏಳು."

ನಾನು ಕೂತಲ್ಲಿಂದ ಏಳಲಿಲ್ಲ. ಹೊರಗೆ ಯಾರೋ, "ಎಲ್ಲವ್ನೆ ಆಡಿಟ್ರು? ಕರೀರಿ ಒರಿಕ್ಕೆ" ಎಂದರು. ಅವಳು ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ತಾನೇ ಹೋದಳು.

"ತೆಪ್ಪೆಲ್ಲ ನಂದು ಕಣ್ರಪ್ಪ. ನಮ್ ಅಕ್ಕನ್ ಮಗ ಫ್ಯಾಕ್ಟ್ರಿ ಕಂದಾಯ ಅಂತ್ಲೇ ಏಳವ್ನೆ. ನನ್ ಕಿವಿ ಈಚೀಚ್ಗೆ ಮಂದ ಆಗೋಗದೆ. ನಮ್ ಕಂದಾಯ ಅಂತ ಕೇಳುಸ್ಕೊಂಡು ಎಲ್ರಿಗೂ ಅಂಗೇ ಸಾರ್ಕೊಂಡು ಬಂದ್ಬುಟ್ಟೆ."

ಸಭೆಯಲ್ಲಿ ಮುಂದೆ ಕೂತವರಿಗೂ ನನ್ನ ಮಾತು ಸರಿಯಾಗಿ ನೆನಪಿರಲಿಲ್ಲ; ಮನೆಮನೆಗೂ ಬಂದು ಹೇಳಿದವಳು ಅವಳೇ ಆದ್ದರಿಂದ ಜನ ನಂಬಿದರು. "ಕೆಪ್ಪಿ ಮಾತ್ ಕೇಳ್ಕೊಂಡು ಉಲ್ಲು ಕಳ್ಕೊಂಡ್ವಲ್ಲಪ್ಪ" ಎಂದೊಬ್ಬ ಬೈದ. ಅದಕ್ಕೂ ಅವಳು "ಆಂ?" ಎಂದಳು. ನಾನು ಒಲೆಯ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಆ ಮನೆಯಲ್ಲಿ ಅವತ್ತು ನಿಜಕ್ಕೂ ಕೆಪ್ಪನಂತೆ ಕೂತಿದ್ದವನು ನಾನು.

ನಾಲೆಯ ನೀರು ನಿಂತು ಏರಿಯ ಮೇಲಿನ ಹಸಿರು ಹುಲ್ಲೂ ಒಣಗಿದಾಗ ಬೇರೆ ಕಡೆಯಿಂದ ಒಂದು ಲೋಡು ಹುಲ್ಲು ತರಿಸಿ ಹಾಕುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ಆಡಿಟ್ರು ಯಾಕೆ ಉಲ್ಲು ತಂದಾಕ್ದ ಅಂತ ಊರೋರು ಕೇಳಕ್ಕಿಲ್ವಾ? ಬ್ಯಾಡ," ಎಂದಳು. ಹಸುವನ್ನು ಮೂಗೂರಿನ ಕಡೆಯ ಒಬ್ಬರಿಗೆ, ಹುಟ್ಟುವ ಕರುವಿನಲ್ಲಿ ಪಾಲು ಎಂಬ ಮಾತಿನ ಮೇಲೆ ಸಾಕಲು ಕೊಟ್ಟಳು. ಈಗ ಹೋದರೆ ಕೊಟ್ಟಿಗೆಯಲ್ಲಿ ಸೌದೆ ಇದೆ. ನನಗೆ ಪ್ಯಾಕೆಟ್ ಹಾಲು ತರಿಸಿ ಕಾಫಿ ಮಾಡುತ್ತಾಳೆ. ದಿನವೂ ಡೈರಿಗೆ ಹಾಲು ಹಾಕಿದ ಮನೆ ಅದು. ಆದರೂ ಕುಡಿಯುತ್ತೇನೆ.

ಕಾರ್ಖಾನೆ ಇನ್ನೂ ಬಂದಿಲ್ಲ. ರಿಯಾಯಿತಿಯ ಅರ್ಜಿ ಓಡಾಡುತ್ತಿದೆ. ಆಗಾಗ ಅದಕ್ಕೆ ವಿವರಣೆ ಬರೆದು ಕಳಿಸುವವನು ನಾನೇ. ಈಗ ರಿಯಾಯಿತಿ ಯಾರಿಗೆ ಎಂಬುದನ್ನು ಪ್ರತಿ ಸಾಲಿನಲ್ಲೂ ಬರೆಯುತ್ತೇನೆ. ಬರೆದು ಏನು ಪ್ರಯೋಜನ.

ಮೊನ್ನೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಮೂರು ನಾಲ್ಕು ಜನರ ಜೊತೆ ನಿಂತಿದ್ದೆ. ಚಿಕ್ಕವ್ವ ಚೀಲ ಹಿಡಿದುಕೊಂಡು ಬಂದಳು. "ಮಾತಾಡ್ಸಿ ಸಾ, ವಸಿ ಜೋರಾಗಿ ಕೂಗ್ಬೇಕು, ಅಷ್ಟೆ," ಎಂದ ಒಬ್ಬ.

"ಚಿಕ್ಕವ್ವಾ, ಊಟ ಆಯ್ತಾ?" ಎಂದೆ.

ನನಗೆ ಗೊತ್ತು, ಅವಳಿಗೆ ಕೇಳಿಸಿತು. ಸುತ್ತ ನಿಂತವರನ್ನು ಒಮ್ಮೆ ನೋಡಿ, ಅಂಗೈಯನ್ನು ಕಿವಿಗೆ ಒಡ್ಡಿ, "ಆಂ? ಏನಂದೆ ಮಗ?" ಎಂದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಇನ್ನೂ ಜೋರಾಗಿ ಕೂಗಿದೆ.