ಅಭ್ಯಾಸದ ಮನೆ

ಪೊಲೀಸರ ಹೊಸ ತರಬೇತಿ ಕೇಂದ್ರದಲ್ಲಿ ಅಭ್ಯಾಸಕ್ಕೆಂದೇ ಒಂದು ಮನೆ ಕಟ್ಟುತ್ತಿದ್ದರು. ಗಂಡ ಹೆಂಡಿರ ಜಗಳಕ್ಕೆ ಕರೆ ಬಂದರೆ ಹೇಗೆ ಹೋಗಬೇಕೆಂದು ಹೊಸಬರು ಅಲ್ಲಿ ಕಲಿಯಬೇಕು. ಅದನ್ನು ಸಜ್ಜುಗೊಳಿಸುವ ಹೊಣೆ ಹೆಡ್ ಕಾನ್‌ಸ್ಟೆಬಲ್ ಒಬ್ಬಳದು; ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅವಳ ಒಂದು ಗದರಿಕೆಗೆ ಠಾಣೆಯ ಗಂಡಸರೂ ಬಾಲ ಮುದುರಿಕೊಳ್ಳುತ್ತಿದ್ದರು.

"ಮಲಗೋ ಕೋಣೆಗೆ ಚಿಲಕ ಹೊರಗಡೆ ಮಾತ್ರ ಹಾಕಿ, ಒಳಗೆ ಬೇಡ," ಎಂದಳು ಬಡಗಿಗೆ.

ಬಡಗಿ ನಕ್ಕ. "ಹೊರಗಡೆ ಮಾತ್ರನಾ? ಯಾರ ಮನೇಲಿ ಹಾಗಿರುತ್ತೆ ಅಕ್ಕಾ?"

"ನಮ್ಮನೇಲಿ."

ಬಾಯಿ ತಪ್ಪಿ ಬಂದ ಮಾತು. ಬಡಗಿಯ ನಗು ಅಲ್ಲೇ ಇಂಗಿತು. ಅವನು ತಲೆ ತಗ್ಗಿಸಿ ಸ್ಕ್ರೂ ಬಿಗಿದ.

ಮೊದಲ ಅಭ್ಯಾಸದ ದಿನ ಹೆಂಡತಿಯ ಪಾತ್ರಕ್ಕೆ ಅಕ್ಕನೇ ಆ ಕೋಣೆಯಲ್ಲಿ ಕೂತಳು. ಹೊರಗೆ ಚಿಲಕ ಬಿತ್ತು. ಆಟವೆಂದು ಗೊತ್ತಿದ್ದರೂ ಆ ಸದ್ದಿಗೆ ಅವಳು ಎದ್ದು ಮೂಲೆಗೆ ಸರಿದಳು. ಸ್ವಲ್ಪ ಹೊತ್ತಿಗೆ ತರಬೇತಿಯ ಹುಡುಗಿಯೊಬ್ಬಳು ಬಾಗಿಲು ತೆಗೆದಳು.

"ಹೆದರ್ಬೇಡಿ ಅಮ್ಮ, ನಾವಿದ್ದೀವಿ. ಈ ಮನೆ ಬಿಟ್ಟು ಬರ್ತೀರಾ?"

ಆ ಮಾತು ಕಲಿಸಿಕೊಟ್ಟವಳು ಅಕ್ಕನೇ.

"ಮಗಳ ಪರೀಕ್ಷೆ ಮುಗೀಲಿ," ಎಂದಳು.

ಪಾತ್ರ ಚೆನ್ನಾಗಿ ಬಂತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಸಮವಸ್ತ್ರ ಸರಿಪಡಿಸಿಕೊಂಡು ಹೊರಬಂದಳು. ಕತ್ತಲಾಗುವ ಮುಂಚೆ ಅವಳು ಮನೆ ಸೇರಬೇಕಿತ್ತು.