ಮೂರು ಬೆಳಕಿನ ಸಮುದ್ರ

ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಸಮುದ್ರವಿದೆ. ಹೊಸೂರಿನಿಂದ ಕಡಲತೀರ ಕಾಣಬೇಕಾದರೆ ಸೊಂಟ ಬಿದ್ದುಹೋಗುವಷ್ಟು ಹೊತ್ತು ಬಸ್ಸಿನಲ್ಲಿ ಕೂರಬೇಕು. ಆದರೂ ಬಾಗಲೂರಿನ ಮದುಮಕ್ಕಳು, ಡೆಂಕಣಿಕೋಟೆಯ ಅಜ್ಜಂದಿರು, ಆಗತಾನೆ ಕೂರಲು ಕಲಿತ ಕೂಸುಗಳು, ಎಲ್ಲರೂ ಸಮುದ್ರದ ಮುಂದೆ ಫೋಟೋ ತೆಗೆಸಿಕೊಂಡಿದ್ದಾರೆ. ಅದು ಅಪ್ಪನ ಸ್ಟುಡಿಯೋದ ಪರದೆ. ಎಡಕ್ಕೆ ಎರಡು ತೆಂಗಿನಮರ, ಬಲಕ್ಕೊಂದು ದೋಣಿ, ನಡುವೆ ಗಾಢ ನೀಲಿ. ಕ್ಯಾಲೆಂಡರ್ ನೋಡಿಕೊಂಡು ಅಪ್ಪನೇ ಬರೆದದ್ದು. ಆಗ ಅವನು ಸಮುದ್ರ ನೋಡಿರಲಿಲ್ಲ. ಈಗಲೂ ನೋಡಿಲ್ಲ.

ನಾನು ಆ ಪರದೆಯ ಮುಂದೆಯೇ ಬೆಳೆದವಳು. ಮದುವೆಯಾಗಿ ಪಕ್ಕದ ಆಲಸನತ್ತಕ್ಕೆ ಹೋದ ಮೇಲೂ ಸ್ಟುಡಿಯೋದ ಬೀಗ ತೆಗೆಯುವುದು ನಾನೇ. ಮದುವೆ, ಆರತಿ, ನಾಮಕರಣ ಎಂದು ಕ್ಯಾಮೆರಾ ಹೊತ್ತು ತಿರುಗುವುದೂ ನಾನೇ. ಹಾಗಿರುವಾಗ ಆಷಾಢ ಶುರುವಾಗುವ ಹೊತ್ತಿಗೆ ಅಪ್ಪ ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ, ನನ್ನ ಮುಖವನ್ನೂ ನೋಡದೆ ಹೇಳಿದ.

"ಮೊಬೈಲ್ ಕವರ್ ಮಾರೋನು ಅಂಗ್ಡಿ ಕೇಳ್ತಾವ್ನೆ. ಶ್ರಾವಣಕ್ಕೆ ಕೊಟ್ಬುಡಾನ ಅಂತ."

ನನಗೆ ಕೋಪ ನೆತ್ತಿಗೇರಿತು. "ನನ್ನ ಒಂದ್ ಮಾತ್ ಕೇಳಿದ್ಯಾ?" ಎಂದೆ.

"ಏನಂತ ಕೇಳ್ಲಿ? ಎಲ್ರ ಕೈಯಾಗೂ ಫೋನ್ ಐತೆ. ಆ ಪರ್ದೇನೂ ಇಲಿ ತಿಂದೈತೆ. ಯಾರ್ ಬತ್ತಾರೆ ಒಳಕ್ಕೆ?"

"ಹೊಸ ಪರ್ದೆ ಹಾಕ್ತೀನಿ. ನಿಜವಾದ ಸಮುದ್ರದ್ದು. ನಾನೇ ಹೋಗಿ ತೆಗ್ದು ತತ್ತೀನಿ."

ಅಪ್ಪ ನಕ್ಕುಬಿಟ್ಟ. ಆ ನಗು ಇವತ್ತಿಗೂ ಚುಚ್ಚುತ್ತದೆ. "ತಾ ನೋಡಾನ. ನನ್ನ ಸಮುದ್ರಕ್ಕಿಂತ ಚೆನ್ನಾಗಿದ್ರೆ ಅಂಗ್ಡಿ ನಿಂದು. ಇಲ್ದಿದ್ರೆ ಶ್ರಾವಣದಾಗೆ ಅವ್ನಿಗೆ ಬೀಗದ ಕೈ ಕೊಡ್ತೀನಿ."

ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಪೂರ್ತಿ ಒಂದು ತಿಂಗಳು ನನ್ನದು. ಮರುವಾರವೇ ಕೃಷ್ಣಗಿರಿ, ತಿರುವಣ್ಣಾಮಲೈ ದಾಟಿ ಪಾಂಡಿಚೇರಿಗೆ ಹೋದೆ. ಬೆಳಗಿನ ಜಾವ ತೀರಕ್ಕಿಳಿದು ನಿಂತರೆ, ಎದುರಿಗೆ ಸೂರ್ಯ ಹುಟ್ಟುತ್ತಿದ್ದ, ಕಾಲ ಬಳಿ ಕಪ್ಪು ಬಂಡೆಗಳಿದ್ದವು. ಕಣ್ಣಿಗೆ ಎರಡೂ ಕಾಣುತ್ತಿದ್ದವು. ಕ್ಯಾಮೆರಾಕ್ಕೆ ಆ ಶಕ್ತಿಯಿಲ್ಲ. ಆಕಾಶ ಸರಿಯಾಗಿ ಬರುವಂತೆ ತೆಗೆದರೆ ಬಂಡೆಗಳು ಇದ್ದಿಲಿನಂತೆ ಮುಳುಗಿಹೋಗುತ್ತವೆ, ಬಂಡೆ ಕಾಣುವಂತೆ ತೆಗೆದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಇದಕ್ಕೊಂದು ದಾರಿಯಿದೆ, ಎಚ್‌ಡಿಆರ್ ಎನ್ನುತ್ತಾರೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ನಿಲ್ಲಿಸಿ ಒಂದೇ ನೋಟವನ್ನು ಮೂರು ಸಲ ತೆಗೆಯಬೇಕು. ಒಂದು ಕಡಿಮೆ ಬೆಳಕಿನಲ್ಲಿ, ಒಂದು ಹದವಾಗಿ, ಒಂದು ಹೆಚ್ಚು ಬೆಳಕಿನಲ್ಲಿ. ಆಮೇಲೆ ಮೂರನ್ನೂ ಕಂಪ್ಯೂಟರಿನಲ್ಲಿ ಸೇರಿಸಿದರೆ ಆಕಾಶವೂ ಉಳಿಯುತ್ತದೆ, ಬಂಡೆಯೂ ಉಳಿಯುತ್ತದೆ. ನಾನು ಮದುವೆ ಮಂಟಪಗಳಲ್ಲಿ ಕಿಟಕಿಯ ಬಿಸಿಲಿಗೂ ಒಳಗಿನ ಕತ್ತಲೆಗೂ ಇದನ್ನೇ ಮಾಡಿ ಪಳಗಿದ್ದೆ. ಸಮುದ್ರವೇನು ಮಹಾ ಎಂದುಕೊಂಡಿದ್ದೆ.

ಮಂಟಪ ಓಡಾಡುವುದಿಲ್ಲ, ಸಮುದ್ರ ಸುಮ್ಮನಿರುವುದಿಲ್ಲ. ಮನೆಗೆ ಬಂದು ಮೂರನ್ನೂ ಸೇರಿಸಿದಾಗ ಇದು ಗೊತ್ತಾಯಿತು. ಮೂರು ಚಿತ್ರದಲ್ಲಿ ಅಲೆ ಮೂರು ಕಡೆ ಇತ್ತು, ನೊರೆಯೆಲ್ಲ ಕಲಸಿಹೋಗಿತ್ತು. ಬಂಡೆಗಳ ಅಂಚು ಎರಡೆರಡಾಗಿತ್ತು. ಸ್ಟ್ಯಾಂಡಿನ ಕಾಲನ್ನು ನಮ್ಮೂರ ಕೆಂಪು ಮಣ್ಣಿನಲ್ಲಿ ಗೂಟ ಊರಿದಂತೆ ಊರಿ ನಿಶ್ಚಿಂತೆಯಾಗಿದ್ದೆ. ಪ್ರತಿ ಅಲೆಯೂ ಹಿಂದಕ್ಕೆ ಹೋಗುವಾಗ ಅದರ ಬುಡದ ಮರಳನ್ನು ಕದ್ದೊಯ್ದಿತ್ತು. ಈ ತಪ್ಪನ್ನೆಲ್ಲ ಮುಚ್ಚಲು ಬಣ್ಣ ಏರಿಸಿದೆ, ಇನ್ನಷ್ಟು ಏರಿಸಿದೆ.

ಅಪ್ಪ ಕನ್ನಡಕ ಏರಿಸಿ ಕಂಪ್ಯೂಟರಿನತ್ತ ಬಗ್ಗಿ ನೋಡಿದ. "ಸಮುದ್ರಕ್ಕೆ ಕಾಮಾಲೆ ಬಂದೈತಲ್ಲಮ್ಮ!"

ನಾನು ಊಟ ಬಿಟ್ಟು ಎದ್ದುಹೋದೆ. ಅವನು ಹೇಳಿದ್ದು ನಿಜ, ಅದಕ್ಕೇ ಅಷ್ಟು ಸಿಟ್ಟು. ಮಾರನೆಯ ದಿನ ಸ್ಟುಡಿಯೋಗೆ ಹೋದರೆ ಅಪ್ಪ ಹಳೇ ಟ್ರಂಕು ತೆಗೆದು ಕೂತಿದ್ದ. ಕೈಯಲ್ಲಿ ಒಂದು ತಂತಿ, ತಂತಿಯ ತುದಿಗೆ ಅಂಟಿಸಿದ ದುಂಡನೆಯ ರಟ್ಟು. ಕಪ್ಪುಬಿಳುಪಿನ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಫೋಟೋ ಅಚ್ಚು ಹಾಕುವಾಗ, ಮುಖ ಕಪ್ಪಾಗದಂತೆ ಇದನ್ನು ಬೆಳಕಿಗೆ ಅಡ್ಡ ಹಿಡಿಯುತ್ತಿದ್ದನಂತೆ.

"ಮುಖಕ್ಕೆ ಎಷ್ಟ್ ಬೇಕೋ ಅಷ್ಟು, ಸೀರೆಗೆ ಎಷ್ಟ್ ಬೇಕೋ ಅಷ್ಟು. ಕೈಯಾಗೇ ಕೊಡ್ತಿದ್ವಿ ಬೆಳಕ್ನ. ನಿನ್ ಮಿಶನ್ನು ಎಲ್ರಿಗೂ ಒಂದೇ ಸೌಟಾಗೆ ಬಡಿಸ್ಬುಟ್ಟೈತೆ."

ಅಂಗಡಿ ಕೊಟ್ಟುಬಿಡುತ್ತೇನೆ ಎಂದವನೇ ದಾರಿ ತೋರಿಸುತ್ತಿದ್ದಾನಲ್ಲ ಎನ್ನಿಸಿತು. ಆಷಾಢ ಮುಗಿಯಲು ಹದಿನೈದು ದಿನವೂ ಉಳಿದಿರಲಿಲ್ಲ.

ಎರಡನೇ ಸಲ ಹೋದಾಗ ಮೊದಲ ಬೆಳಿಗ್ಗೆ ಪೂರ್ತಿ ಮೋಡ. ಎರಡನೆಯ ಬೆಳಿಗ್ಗೆಯೂ ಹಾಗೇ. ಮೀನಿನ ಬುಟ್ಟಿ ಇಳಿಸಿಕೊಂಡು ಕೂತಿದ್ದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಕೆಲಸವಿಲ್ಲವೇ ಎಂದು ತಮಿಳಿನಲ್ಲಿ ಕೇಳಿದಳು. ಇದೇ ನನ್ನ ಕೆಲಸ ಎಂದೆ. ವಾಪಸ್ಸು ಬರಬೇಕಿದ್ದವಳು ಇನ್ನೊಂದು ದಿನ ಉಳಿದೆ. ಬರಿಗೈಯಲ್ಲಿ ಬಸ್ಸು ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದೆ.

ಮೂರನೆಯ ಬೆಳಿಗ್ಗೆ ಮೋಡ ಸೀಳಿತು. ಸ್ಟ್ಯಾಂಡಿನ ಮೂರು ಕಾಲಿಗೂ ಮೂರು ಚಪ್ಪಟೆ ಕಲ್ಲು ಕೊಟ್ಟಿದ್ದೆ, ನಡುವೆ ಕಲ್ಲು ತುಂಬಿದ ಚೀಲ ತೂಗುಬಿಟ್ಟಿದ್ದೆ. ಕೈ ತಾಗಿ ಅಲುಗಬಾರದೆಂದು ಕ್ಯಾಮೆರಾ ತಾನೇ ಒಂದರ ಹಿಂದೊಂದು ಮೂರು ತೆಗೆಯುವಂತೆ ಇಟ್ಟು ದೂರ ನಿಂತೆ. ಅಲೆ ಮೊಣಕಾಲಿನವರೆಗೆ ಹೊಡೆಯಿತು, ಸ್ಟ್ಯಾಂಡು ಕದಲಲಿಲ್ಲ. ನಾನು ಒಬ್ಬಳೇ ಜೋರಾಗಿ ನಕ್ಕೆ.

ಈ ಸಲ ಯಂತ್ರಕ್ಕೆ ಬಡಿಸಲು ಬಿಡಲಿಲ್ಲ. ಆಕಾಶವನ್ನು ಕಡಿಮೆ ಬೆಳಕಿನ ಚಿತ್ರದಿಂದ ತೆಗೆದುಕೊಂಡೆ. ಬಂಡೆಗಳನ್ನು ಹೆಚ್ಚು ಬೆಳಕಿನದರಿಂದ. ಅಲೆಯನ್ನು ಮಾತ್ರ ಹದವಾದ ಒಂದೇ ಚಿತ್ರದಿಂದ ಉಳಿಸಿಕೊಂಡೆ, ಅಲೆಯ ವಿಷಯದಲ್ಲಿ ಬೆರಕೆ ಕೂಡದು. ಅಂಚುಗಳನ್ನು ನಿಧಾನವಾಗಿ ಒಂದಕ್ಕೊಂದು ಸೇರಿಸುತ್ತಾ ನಾಲ್ಕು ದಿನ ಕೂತೆ. ಅಪ್ಪನ ತಂತಿ ಮೇಜಿನ ಮೇಲೇ ಇತ್ತು.

ದಪ್ಪ ಬಟ್ಟೆಯ ಮೇಲೆ ಗೋಡೆಯಷ್ಟು ಎತ್ತರಕ್ಕೆ ಅಚ್ಚು ಹಾಕಿಸಿ ಸ್ಟುಡಿಯೋದಲ್ಲಿ ತೂಗುಹಾಕಿದೆ. ಕೆಳಗಿನ ಅಂಚಿನಲ್ಲಿ ಒದ್ದೆ ಮರಳು, ಅದರ ಮೇಲೆ ಆಗತಾನೆ ಹರಿದುಬರುತ್ತಿರುವ ತೆಳ್ಳನೆಯ ನೀರು. ಅಪ್ಪ ಹತ್ತಿರ ಬಂದು ಬಟ್ಟೆ ಮುಟ್ಟಿ ನೋಡಿದ.

"ನೀಲಿನೇ ಇಲ್ವಲ್ಲಮ್ಮ," ಎಂದ. ಅಷ್ಟೇ. ಹೋಗಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಶ್ರಾವಣಕ್ಕೆ ಎರಡೇ ದಿನವಿತ್ತು.

ಆ ದಿನವೇ ಡೆಂಕಣಿಕೋಟೆ ಕಡೆಯ ಗಂಡಹೆಂಡಿರು ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಲು ಬಂದರು. ರಾಗಿ ಹೊಲದವರು, ವಯಸ್ಸಾದವರು. ಗಂಡನದು ತೆಗೆದಾಯಿತು. ನಾನು ಕರೆದರೂ ಹೆಂಡತಿ ಬಿಳಿ ಗೋಡೆಯ ಕಡೆ ಬರಲಿಲ್ಲ, ನನ್ನ ಪರದೆಯನ್ನೇ ನೋಡುತ್ತಿದ್ದರು.

"ಇಲ್ ನಿಂತ್ಕತೀನಿ, ಒಂದ್ ತೆಗಿಯವ್ವ," ಎಂದರು. ಚಪ್ಪಲಿ ಕಳಚಿಟ್ಟರು. ಪರದೆಯ ಹತ್ತಿರ ಹೋದವರು ಬಗ್ಗಿ, ಸೀರೆಯ ನೆರಿಗೆಯನ್ನು ಪಾದಕ್ಕಿಂತ ಮೇಲಕ್ಕೆ ಎತ್ತಿ ಹಿಡಿದರು.

"ಏಯ್, ಅದು ಬಟ್ಟೆ ಕಣೇ! ನೀರಲ್ಲ," ಎಂದು ಗಂಡ ನಕ್ಕರು.

"ಗೊತ್ತು, ಸುಮ್ಕಿರು," ಎಂದರು ಆಕೆ. ಆದರೆ ನೆರಿಗೆ ಬಿಡಲಿಲ್ಲ. ಹಾಗೇ ತೆಗೆದೆ.

ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ನಿಂತಿದ್ದ. ಆ ಹೆಂಗಸಿನ ಪಾದವನ್ನು, ಎತ್ತಿ ಹಿಡಿದ ಸೀರೆಯನ್ನು ನೋಡುತ್ತಿದ್ದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಹೊರಗೆ ಮೆಟ್ಟಿಲ ಮೇಲೆ ಹೋಗಿ ನಿಂತ. ಅವನ ಮಾತು ಒಳಗೆ ನನಗೂ ಸ್ಪಷ್ಟವಾಗಿ ಕೇಳಿಸಿತು.

"ಅಂಗ್ಡಿ ಕೊಡಾಕಾಗಲ್ಲ ಕಣಪ್ಪ, ಬೇರೆ ಕಡೆ ನೋಡ್ಕ. ನಮ್ಮ ಹುಡುಗಿ ಅದ್ರಾಗೆ ಸಮುದ್ರ ತಂದಿಕ್ಕವ್ಳೆ."