ಹುಣಸೆಹುಳಿಗೆ ಬಿದ್ದ ಟೈಟಾನಿಯಂ

"ನನ್ನ ಕಾಲಾಗ ಕಬ್ಬಿಣ ತುಂಬ್ಯಾರ. ನಿಂತ್ರ ಭಾರಕ್ಕ ಕುಸೀತೈತಿ, ತೊಯ್ದ್ರ ಜಂಗ ಹಿಡೀತೈತಿ. ನಾ ಏಳಂಗಿಲ್ಲ."

ಹೀಗಂದು ನಮ್ಮ ಅತ್ತೆ ಮಂಚ ಹಿಡಿದರು. ಬೆಲ್ಲದ ಬಾಗೇವಾಡಿಯಲ್ಲಿ ಹಿತ್ತಲ ಕಟ್ಟೆಯಿಂದ ಜಾರಿ, ತೊಡೆ ಮುರಿದುಕೊಂಡು, ಆಪರೇಷನ್ನಿನಲ್ಲಿ ಎಲುಬಿನೊಳಗೆ ರಾಡ್ ಹಾಕಿಸಿಕೊಂಡು ಗೋಕಾಕದ ನಮ್ಮ ಮನೆಗೆ ಬಂದವರು. ಡಾಕ್ಟರು ಹೇಳಿದ್ದು ಒಂದೇ ಮಾತು: ಈಗ ನಡೆಯದಿದ್ದರೆ ಮುಂದೆ ನಡೆಯುವುದು ಕಷ್ಟ. ಆದರೆ ಅತ್ತೆಗೆ ತಿಳಿಸಿ ಹೇಳುವವರು ಯಾರು? ಇಡೀ ಹೊಲ ಸುತ್ತುತ್ತಿದ್ದ ಹೆಂಗಸು ಬಚ್ಚಲಿಗೂ ಮಗಳ, ಅಂದರೆ ನನ್ನ ಹೆಂಡತಿಯ, ಹೆಗಲು ಕೇಳತೊಡಗಿದರು.

ಏಳನೇ ಇಯತ್ತೆಗೇ ಸಾಲಿ ಬಿಟ್ಟು ಕಬ್ಬಿಣ ಕಡೆಯುವ ಲೇಥ್ ಹಿಡಿದವನು ನಾನು. ಮೂಡಲಗಿ, ಕುಲಗೋಡ ಕಡೆ ಯಾವ ಗಾಣದ ಶಾಫ್ಟ್ ಬೇಕಾದರೂ ನೋಡಿ, ನನ್ನ ಕೈಯೇ ಕಾಣುತ್ತದೆ. (ಜಂಬ ಅನ್ನಿ, ಬೇಜಾರಿಲ್ಲ.) ಲೋಹದ ವಿಷಯದಲ್ಲಿ ನಮ್ಮ ಮನೆಯಲ್ಲೇ ನನ್ನ ಮಾತು ನಡೆಯದಿದ್ದರೆ ಹೇಗೆ?

ಅದು ಕಬ್ಬಿಣ ಅಲ್ಲ, ಟೈಟಾನಿಯಂ, ಅದಕ್ಕೆ ಒಂದಿಷ್ಟು ಅಲ್ಯೂಮಿನಿಯಂ, ವೆನೇಡಿಯಂ ಬೆರೆಸಿ ವಿಮಾನಕ್ಕೂ ಹಾಕುತ್ತಾರೆ ಎಂದು ವಿವರಿಸಿದೆ. ಅತ್ತೆ ಮಗಳ ಕಡೆ ತಿರುಗಿ, ನಿನ್ನ ಗಂಡ ಯಾವಾಗ ಡಾಕ್ಟರ್ ಆದ ಅಂದರು.

ಇನ್ನು ಕಣ್ಣಿಗೇ ತೋರಿಸಬೇಕು. ಬೆಳಗಾವಿಯಲ್ಲಿ ವಿಮಾನದ ಪಾರ್ಟ್ ಮಾಡುವ ಗೆಳೆಯನಿಂದ ಒಂದು ತುಂಡು ಟೈಟಾನಿಯಂ ರಾಡ್ ತರಿಸಿದೆ. ಅತ್ತೆಯ ಎಕ್ಸ್‌ರೇ ನೋಡಿ ಅದರಲ್ಲಿ ಕಂಡ ರಾಡಿನ ದಪ್ಪಕ್ಕೇ ಇಳಿಸಲು ಲೇಥ್ ಮುಂದೆ ನಿಂತೆ. ಗಾಣದ ಶಾಫ್ಟಿಗೆ ಇಡುವ ಸ್ಪೀಡನ್ನೇ ಇಟ್ಟೆ. ಅಲ್ಲೇ ಎಡವಟ್ಟಾಯಿತು!

ಕಬ್ಬಿಣ ಕೊರೆಯುವಾಗ ಬಿಸಿಯೆಲ್ಲ ಸಿಪ್ಪೆಯ ಜೊತೆ ಹಾರಿಹೋಗುತ್ತದೆ. ಈ ಪುಣ್ಯಾತ್ಮ ಅದನ್ನು ಟೂಲಿನ ತುದಿಗೇ ಕೊಡುತ್ತಾನೆ. ತುದಿ ಸುಟ್ಟಿತು, ಸಿಪ್ಪೆ ಹೊತ್ತಿಕೊಂಡು ಬೆಳ್ಳಗೆ ಉರಿಯಿತು. ನೀರು ಸುರಿದರೆ ಈ ಬೆಂಕಿ ಇನ್ನೂ ಜೋರು. ಒಣ ಮರಳು ಹಾಕಿ ಆರಿಸಿದೆ. ಗೆಳೆಯ ಫೋನಿನಲ್ಲಿ ನಕ್ಕ. ಸ್ಪೀಡ್ ಇಳಿಸು, ಟೂಲ್ ಹರಿತ ಇರಲಿ, ತಂಪು ಮಾಡುವ ಕೂಲಂಟ್ ಧಾರಾಳ ಬಿಡು, ನಡುವೆ ಕೊರೆಯದೆ ಟೂಲನ್ನು ಸುಮ್ಮನೆ ಉಜ್ಜಿಸುತ್ತ ನಿಲ್ಲಬೇಡ ಎಂದ. ಹಾಗೇ ಮಾಡಿದೆ. ಎಂಥ ರಾಡ್ ಬಂತು ಅಂತೀರಿ, ಬೆಳ್ಳಿ ಬೆಳ್ಳಿ!

ಅದೇ ಅಳತೆಯ ಕಬ್ಬಿಣದ ರಾಡನ್ನೂ ಮಾಡಿ ಎರಡನ್ನೂ ಅತ್ತೆಯ ಕೈಗಿಟ್ಟೆ. ತೂಗಿ ನೋಡಿದರು. ಟೈಟಾನಿಯಂ ಹಗುರ ಅಂತ ಒಪ್ಪಿದರು. ಜಂಗಿನ, ಅಂದರೆ ತುಕ್ಕಿನ, ಮಾತು? ಅದಕ್ಕೆ ನನ್ನ ಸಾಕ್ಷಿ ಬೇಡವಂತೆ. ಹಿತ್ತಾಳೆ ಪಾತ್ರೆ ತಿಕ್ಕುವ ಹುಣಸೆಹುಳಿ, ಉಪ್ಪು ತರಿಸಿ, ನೀರಲ್ಲಿ ಕಿವುಚಿ, ಎರಡೂ ರಾಡ್ ಮುಳುಗಿಸಿ ಮಂಚದ ಕೆಳಗಿಟ್ಟುಕೊಂಡರು. ನನಗೆ ಮುಟ್ಟಲು ಪರ್ಮಿಷನ್ ಇಲ್ಲ.

ವಾರ ಬಿಟ್ಟು ತೆಗೆದರು. ಕಬ್ಬಿಣ ಕರ್ರಗಾಗಿ ತಿಂದುಹೋಗಿತ್ತು. ಟೈಟಾನಿಯಂ ಇಟ್ಟ ಹಾಗೇ ಹೊಳೆಯುತ್ತಿತ್ತು. ಅತ್ತೆ ಸೆರಗಿನಿಂದ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದರು.

"ನಾ ಸತ್ತ ಮ್ಯಾಲೂ ಇದು ಹಿಂಗ ಇರತೈತೇನ?"

"ಇರತೈತ್ರಿ."

"ಹಂಗಾರ ನನ್ನ ಮಣ್ಣು ಮಾಡಿದ ಜಾಗಾ ಮುಂದ ಯಾರರೆ ಅಗದ್ರ, ಇಲ್ಲೊಂದು ಇಮಾನ ಬಿದ್ದಿತ್ತ ಅಂತಾರ."

ತಾವೇ ನಕ್ಕರು. ನಗುತ್ತಲೇ ವಾಕರ್ ಎಳೆದುಕೊಂಡು ಎದ್ದರು. ಹಿಡಿಯಲು ಓಡಿಬಂದ ಮಗಳ ಕೈ ಕೊಡವಿ, ಹೊಸ್ತಿಲ ತನಕ ಹೋಗಿ ನಿಂತರು. ನನ್ನ ಹೆಂಡತಿ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಈಗ ಓಣಿಯ ಪ್ರತಿ ಮನೆಗೂ ಹೋಗಿ ತಮ್ಮ ತೊಡೆಯ ವರ್ಣನೆ ಮಾಡುತ್ತಾರೆ. (ನಾನು ಬೆಂಕಿ ಹಚ್ಚಿಕೊಂಡ ಕಥೆಯೂ ಅದರಲ್ಲಿ ಫ್ರೀ.) ಊಟಕ್ಕೆ ನಾವೇ ಹುಡುಕಿ ಕರೆತರಬೇಕು.

ನಡೆಸುವ ಲೋಹ ಸಿಕ್ಕಿತು, ಸರಿ. ಅತ್ತೆಯನ್ನು ಒಂದು ಗಳಿಗೆ ಮನೆಯಲ್ಲಿ ಕುಂದ್ರಿಸುವ ಲೋಹ ಯಾರ ಹತ್ತಿರ ಐತಿ, ಹೇಳ್ರಿ?